ಏಳುನೂರ ನಲವತ್ತೇಳು ಭಾಗಾಕಾರ

ದಾದಾಪೀರ್ ಅವರ ನೋಟ್‌ಬುಕ್ಕಿನಲ್ಲಿ ತಪ್ಪಿರಲಿಲ್ಲ. ಇದೆ ಎಂದು ನಾನು ಸುಳ್ಳು ಹೇಳಿದೆ. ಇಪ್ಪತ್ತಾರು ವರ್ಷಗಳ ಹಿಂದೆ, ಹಾಡಹಗಲಿನಲ್ಲಿ, ನಾಲ್ವರು ಸಹೋದ್ಯೋಗಿಗಳ ಎದುರು, ಕೈಯಲ್ಲಿ ಕೆಂಪು ಪೆನ್ನು ಹಿಡಿದುಕೊಂಡು ಹೇಳಿದೆ. ಬಾಯಿ ತಪ್ಪಿ ಬಂದ ಮಾತಲ್ಲ ಅದು. ಹೇಳುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು.

ಇಷ್ಟು ಬರೆಯುವುದಕ್ಕೆ ಬೆಳಗಿನಿಂದ ಮೂರು ಹಾಳೆ ಹರಿದಿದ್ದೇನೆ. ಮೊದಲನೆಯದರಲ್ಲಿ ‘ಒಂದು ತಪ್ಪು ತಿಳಿವಳಿಕೆಯಾಯಿತು’ ಎಂದಿತ್ತು. ಎರಡನೆಯದರಲ್ಲಿ ‘ಆಗ ನನ್ನ ಪರಿಸ್ಥಿತಿ ಹಾಗಿತ್ತು’ ಎಂದಿತ್ತು. ಮೂರನೆಯದರಲ್ಲಿ ಇದ್ದದ್ದನ್ನು ಹೇಳಲೂ ನಾಚಿಕೆ. ಸುತ್ತಿ ಬಳಸಿ ಬರೆದ ಉತ್ತರಗಳಿಗೆ ಮೂವತ್ತು ವರ್ಷ ಸೊನ್ನೆ ಕೊಟ್ಟವಳು ನಾನು. ನನ್ನ ಉತ್ತರಕ್ಕೂ ಅದೇ ಅಳತೆ ಇರಲಿ.

ನನ್ನ ಹೆಸರು ನಾಗರತ್ನ. ದಾವಣಗೆರೆಯ ಕಾಲೇಜೊಂದರಲ್ಲಿ ಗಣಿತ ಕಲಿಸಿ ನಿವೃತ್ತಳಾಗಿ ಎಂ.ಸಿ.ಸಿ. ಬಡಾವಣೆಯ ಮನೆಯಲ್ಲಿದ್ದೇನೆ. ಈಗಲೂ ರಸ್ತೆಯಲ್ಲಿ ಹೋಗುವಾಗ ಯಾರಾದರೂ ಬೈಕ್ ನಿಲ್ಲಿಸಿ ನಮಸ್ಕಾರ ಮಾಡುತ್ತಾರೆ. ತಲೆ ನರೆತ ಹಳೆಯ ವಿದ್ಯಾರ್ಥಿಗಳು. ಅವರಿಗೆ ನಾನು ಕಲಿಸಿದ ಗಣಿತ ಮರೆತಿರಬಹುದು, ನನ್ನ ಒಂದು ಮಾತು ಮಾತ್ರ ನೆನಪಿರುತ್ತದೆ. ಯಾರ ಲೆಕ್ಕ ತಪ್ಪಿದರೂ ಎಲ್ಲಿ ತಪ್ಪಿದೆ ಎಂದು ನಾನು ತೋರಿಸುತ್ತಿರಲಿಲ್ಲ. ಹಾಳೆ ವಾಪಸ್ಸು ಕೊಟ್ಟು, ‘ಒಂದು ಕಡೆ ತಪ್ಪೈತೆ, ನೀವೇ ಹುಡುಕ್ರಿ’ ಎನ್ನುತ್ತಿದ್ದೆ. ತಾನೇ ಹುಡುಕಿಕೊಂಡ ತಪ್ಪನ್ನು ಮನುಷ್ಯ ಮತ್ತೆ ಮಾಡುವುದಿಲ್ಲ ಎಂಬುದು ನನ್ನ ನಂಬಿಕೆ. ಒಳ್ಳೆಯ ಪದ್ಧತಿಯೇ ಅದು — ತಪ್ಪು ನಿಜವಾಗಿ ಇರುವ ತನಕ.

ಹರಿಹರದ ಕಾರ್ಖಾನೆಯೊಂದರ ಕೆಲವು ಕೆಲಸಗಾರರು ಆ ವರ್ಷ ಡಿಪ್ಲೊಮಾ ಪರೀಕ್ಷೆಗೆ ಕೂರುವವರಿದ್ದರು. ಭಾನುವಾರ ಬಂದು ಗಣಿತ ಹೇಳಿಕೊಡಿ ಎಂದು ಅವರ ಸಂಘದವರು ಕೇಳಿದಾಗ ಒಪ್ಪಿಕೊಂಡೆ. ದಾವಣಗೆರೆಯಲ್ಲಿ ರೈಲು ಹತ್ತಿದರೆ ಕೂತ ಸೀಟು ಬಿಸಿಯಾಗುವಷ್ಟರಲ್ಲಿ ಹರಿಹರ ಬಂದುಬಿಡುತ್ತದೆ. ಸಂಘದ ಕೋಣೆಯಲ್ಲಿ ಇಪ್ಪತ್ತು ಜನ, ನಡುವೆ ಒಮ್ಮೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ. ಹಿಂದಿನ ಬೆಂಚಿನಲ್ಲಿ ಪರೀಕ್ಷೆಗೆ ಕಟ್ಟದೇ ಇದ್ದ ಒಬ್ಬರು ಕೂರುತ್ತಿದ್ದರು. ನಲವತ್ತು ದಾಟಿದವರು, ಗೇರು ಕೊರೆಯುವ ಮಷಿನ್ನಿನವರು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಮೂರನೇ ಭಾನುವಾರ ಎಲ್ಲರೂ ಎದ್ದ ಮೇಲೆ ಹತ್ತಿರ ಬಂದು ನಿಂತು ಕೇಳಿದರು.

“ಮೇಡಂ, ನೂರಿಪ್ಪತ್ತೇಳು ಯಾಕ ಅಷ್ಟು ಮೊಂಡ?”

ಅವರೇ ದಾದಾಪೀರ್. ಪ್ರಶ್ನೆ ನನಗೆ ತಿಳಿಯಲಿಲ್ಲ. ಆಮೇಲೆ ಅವರೇ ತಿಳಿಸಿ ಹೇಳಿದರು. ಗೇರು ಮಾಡುವುದೆಂದರೆ ಉಕ್ಕಿನ ಬಿಲ್ಲೆಯ ಸುತ್ತ ಸಮನಾಗಿ ಹಲ್ಲು ಕೊರೆಯುವುದು. ಒಂದು ಹಲ್ಲು ಕೊರೆದ ಮೇಲೆ ಬಿಲ್ಲೆಯನ್ನು ಎಷ್ಟು ತಿರುಗಿಸಬೇಕು ಎನ್ನುವುದನ್ನು ತೂತುಗಳಿರುವ ಒಂದು ತಟ್ಟೆಯ ಮೇಲೆ ಎಣಿಸಿ ನಿರ್ಧರಿಸಬೇಕು. ಅರವತ್ತು ಹಲ್ಲು, ಎಪ್ಪತ್ತೆರಡು ಹಲ್ಲು — ಇವೆಲ್ಲ ತಟ್ಟೆಗೆ ಬಗ್ಗುತ್ತವೆ, ಯಾಕೆಂದರೆ ಅವನ್ನು ಒಡೆಯಬಹುದು. ನೂರಿಪ್ಪತ್ತೇಳನ್ನು ಒಡೆಯಲು ಬರುವುದಿಲ್ಲ, ಅದು ಯಾವ ತಟ್ಟೆಗೂ ಬಗ್ಗುವುದಿಲ್ಲ. ಆದರೆ ಇಂಚಿನ ಅಳತೆಯ ಲೇತ್ ಯಂತ್ರದಲ್ಲಿ ಮಿಲಿಮೀಟರ್ ಅಳತೆಯ ಥ್ರೆಡ್ಡು, ಅಂದರೆ ಸ್ಕ್ರೂವಿನ ಸುರುಳಿ ಗೀರು, ಕೊರೆಯಬೇಕಾದರೆ ಅಷ್ಟೇ ಹಲ್ಲಿನ ಗೇರು ಬೇಕು. ಅದಕ್ಕೆ ಬೇರೆಯೇ ಜೋಡಣೆ, ಬೇರೆಯೇ ಲೆಕ್ಕ. ಒಂದು ಅಂಕಿ ಜಾರಿದರೆ ಕೊನೆಯ ಹಲ್ಲು ಮೊದಲನೆಯದರ ಮೇಲೆ ಹತ್ತಿ ಕೂರುತ್ತದೆ, ಬಿಲ್ಲೆ ಗುಜರಿಗೆ. ಆ ಕಾರ್ಖಾನೆಯಲ್ಲಿ ಆ ಗೇರನ್ನು ಕೊರೆಯಲು ಎಲ್ಲರೂ ನಂಬಿದ್ದುದು ಒಂದೇ ಕೈಯನ್ನು. ಆ ಕೈ ದಾದಾಪೀರ್ ಅವರದು.

ಒಂದು ಮತ್ತು ತಾನು, ಇವೆರಡನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆಗೆ ನಾವು ಅವಿಭಾಜ್ಯ ಎನ್ನುತ್ತೇವೆ ಎಂದೆ. ಆ ಪದವನ್ನು ಎರಡು ಸಲ ಹೇಳಿ ನೋಡಿದರು, ಚೆನ್ನಾಗೈತೆ ಎಂದರು, ಮತ್ತೆ ‘ಮೊಂಡ’ ಎಂದೇ ಕರೆಯುತ್ತಾ ಹೋದರು.

ಮುಂದಿನ ವಾರ ಕಾರ್ಖಾನೆಯ ಕಾರ್ಡೊಂದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದುಕೊಂಡು ಬಂದಿದ್ದರು. ಎರಡನ್ನು ಏಳು ಸಲ ಗುಣಿಸಿ ಒಂದು ಕಳೆದರೆ ನೂರಿಪ್ಪತ್ತೇಳು. ಎರಡು ಸಲ ಗುಣಿಸಿ ಕಳೆದರೆ ಮೂರು, ಮೂರು ಸಲಕ್ಕೆ ಏಳು, ಐದು ಸಲಕ್ಕೆ ಮೂವತ್ತೊಂದು — ಎಲ್ಲಾ ಮೊಂಡ. ಹಾಗಾದರೆ ಹನ್ನೊಂದು ಸಲ? ಎರಡು ಸಾವಿರದ ನಲವತ್ತೇಳು ಬಂತು, ಅದು ಇಪ್ಪತ್ಮೂರು ಮತ್ತು ಎಂಬತ್ತೊಂಬತ್ತಾಗಿ ಒಡೆದುಹೋಯಿತು. ತಮ್ಮ ಊಹೆ ಸುಳ್ಳಾಯಿತೆಂದು ಅವರಿಗೆ ಬೇಸರವಿರಲಿಲ್ಲ, ಮುಖದ ತುಂಬಾ ಖುಷಿ. ಇಪ್ಪತ್ಮೂರು ಸಲ ಗುಣಿಸಿ ಒಂದು ಕಳೆದದ್ದು ನಲವತ್ತೇಳರಿಂದ ಒಡೆಯಿತು. ಇಪ್ಪತ್ತೊಂಬತ್ತು ಸಲದ್ದು ಮೂರು ಚೂರಾಯಿತು: 233, 1103, 2089. ಒಂದು ಭಾನುವಾರ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಆ ಚೂರುಗಳನ್ನೆಲ್ಲ ಸಾಲಾಗಿ ಬರೆದು ತೋರಿಸಿದರು.

“ಚೂರಿಗೂ ಒಂದು ಗುರ್ತು ಐತೆ ಮೇಡಂ. ಹನ್ನೊಂದರ ಎರಡರಷ್ಟು ಇಪ್ಪತ್ತೆರಡು. ಅಲ್ಲಿ ಬಂದ ಚೂರೆಲ್ಲಾ ಇಪ್ಪತ್ತೆರಡರ ಮಗ್ಗಿಗೆ ಒಂದು ಜಾಸ್ತಿ. ಇಪ್ಪತ್ತೊಂಬತ್ತರ ಎರಡರಷ್ಟು ಐವತ್ತೆಂಟು. ಇವು ಮೂರೂ ಐವತ್ತೆಂಟರ ಮಗ್ಗಿಗೆ ಒಂದು ಜಾಸ್ತಿ.”

ನಾನು ಅಲ್ಲೇ ಲೆಕ್ಕ ಹಾಕಿ ನೋಡಿದೆ. ಸರಿಯಿತ್ತು. ಇದು ಪುಸ್ತಕಗಳಲ್ಲಿರುವ ಸತ್ಯ, ನಾನು ಎಂ.ಎಸ್ಸಿ.ಯಲ್ಲಿ ಓದಿದ್ದೆ, ಪರೀಕ್ಷೆ ಬರೆದು ಮರೆತಿದ್ದೆ. ಈ ಮನುಷ್ಯ ಪೆನ್ಸಿಲ್ಲು, ರಬ್ಬರು ಹಿಡಿದುಕೊಂಡು ಅಲ್ಲಿಗೆ ನಡೆದೇ ಬಂದಿದ್ದರು. ಅವತ್ತು ನನಗಾದದ್ದು ಶುದ್ಧ ಸಂತೋಷ. ಇದನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಆಮೇಲೆ ನಾನು ಮಾಡಿದ್ದು ಅವರ ಬೆಲೆ ಗೊತ್ತಿಲ್ಲದೆ ಮಾಡಿದ್ದಲ್ಲ.

ಬಳಿಕ ಅವರು ಮೂವತ್ತೊಂದಕ್ಕೆ ಬಂದರು. ಎರಡನ್ನು ಮೂವತ್ತೊಂದು ಸಲ ಗುಣಿಸಿ ಒಂದು ಕಳೆದರೆ 2147483647 — ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ಇದು ಮೊಂಡವೋ ಅಲ್ಲವೋ? ಒಡೆಯುವುದಾದರೆ ಒಂದು ಚೂರಾದರೂ 46340ರ ಒಳಗಿರಬೇಕು, ಎರಡೂ ಅದಕ್ಕಿಂತ ದೊಡ್ಡವಾದರೆ ಗುಣಿಸಿದಾಗ ಮೂಲವನ್ನೇ ಮೀರಿಬಿಡುತ್ತವೆ. ಅವರ ಗುರುತು ನಿಜವಾದರೆ ಚೂರು ಅರವತ್ತೆರಡರ ಮಗ್ಗಿಗೆ ಒಂದು ಜಾಸ್ತಿ ಇರಬೇಕು. ಹಾಗಿರುವ ಸಂಖ್ಯೆಗಳು 46340ರ ಒಳಗೆ ಏಳುನೂರ ನಲವತ್ತೇಳು. ಐದರಲ್ಲಿ ಕೊನೆಯಾಗುವುದನ್ನೆಲ್ಲ ಭಾಗಿಸಿ ನೋಡುವ ಅಗತ್ಯವೇ ಇಲ್ಲ, ಬಿಟ್ಟುಬಿಡಿ ಎಂದೆ. ಅವರು ಒಪ್ಪಲಿಲ್ಲ. ಬಿಟ್ಟ ಹಲ್ಲೇ ಮೊದಲು ಮುರಿಯುವುದು ಎಂಬುದು ಅವರ ಕಸುಬಿನ ಮಾತು.

ನಾಲ್ಕು ತಿಂಗಳು ಹಿಡಿಯಿತು. ಊಟದ ಬಿಡುವಿನಲ್ಲಿ ಎರಡು, ಪಾಳಿ ಮುಗಿದ ಮೇಲೆ ನಾಲ್ಕೈದು. ಇನ್ನೂರು ಪುಟದ ನೋಟ್‌ಬುಕ್ಕು, ಪುಟಕ್ಕೆ ಐದು ಭಾಗಾಕಾರ, ಪ್ರತಿಯೊಂದರ ಕೆಳಗೆ ಶೇಷಕ್ಕೆ ಒಂದು ಚೌಕ. ಮೊದಲನೆಯದು 63ರಿಂದ, ಶೇಷ ಒಂದು. ಎರಡನೆಯದು 125ರಿಂದ, ಶೇಷ ಇಪ್ಪತ್ತೆರಡು. ಕೊನೆಯದು 46315ರಿಂದ, ಶೇಷ 42357. ಯಾವ ಚೌಕದಲ್ಲೂ ಸೊನ್ನೆ ಇರಲಿಲ್ಲ. ಸಂಖ್ಯೆ ಒಡೆಯಲಿಲ್ಲ.

ಅವರಿಗೆ ನಾನು ಹೇಳದೆ ಉಳಿಸಿಕೊಂಡ ಒಂದು ವಿಷಯವಿತ್ತು. ಈ ಸಂಖ್ಯೆ ಅವಿಭಾಜ್ಯ ಎಂದು ಯುರೋಪಿನ ದೊಡ್ಡ ಗಣಿತಜ್ಞರೊಬ್ಬರು ಇನ್ನೂರು ವರ್ಷಗಳಿಗೂ ಹಿಂದೆ, ಹೆಚ್ಚುಕಡಿಮೆ ಇದೇ ದಾರಿಯಲ್ಲಿ, ಕೈಲೆಕ್ಕದಿಂದಲೇ ತೋರಿಸಿದ್ದರು. ಮೊದಮೊದಲು ಹೇಳದೇ ಇದ್ದದ್ದು ಅವರ ಖುಷಿ ಕೆಡದಿರಲಿ ಎಂದು. ಆಮೇಲೆ ಹೇಳದೇ ಇದ್ದದ್ದು — ಅಂಥವರ ಪಕ್ಕದಲ್ಲಿ ಈ ಗೇರಿನ ಮನುಷ್ಯನ ಹೆಸರು ಹೇಳಲು ನನ್ನ ನಾಲಿಗೆ ಏಳಲಿಲ್ಲ. ನನ್ನ ಪಿಎಚ್.ಡಿ. ಅರ್ಧಕ್ಕೇ ನಿಂತಿತ್ತು. ಆರು ವರ್ಷ ಒದ್ದಾಡಿ, ನನ್ನದು ಎನ್ನಬಹುದಾದ ಒಂದು ಸಾಲೂ ಹುಟ್ಟದೆ ಕೈಬಿಟ್ಟಿದ್ದೆ. ಚಿನ್ನದ ಪದಕ ಗೋಡೆಯ ಮೇಲಿತ್ತು.

ಆ ದಿನಕ್ಕೆ ಬರುತ್ತೇನೆ. ಕಾಲೇಜಿನ ಗಣಿತ ಸಂಘದ ಕಾರ್ಯಕ್ರಮ ಹತ್ತಿರ ಬಂದಿತ್ತು. ದಾದಾಪೀರ್ ಅವರ ಕೆಲಸವನ್ನು ಮಕ್ಕಳಿಗೆ ತೋರಿಸೋಣ ಎಂದು ನಾನೇ ಹೇಳಿಕಳಿಸಿದ್ದೆ. ಮಧ್ಯಾಹ್ನದ ರೈಲಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ನ್ಯೂಸ್‌ಪೇಪರಿನಲ್ಲಿ ಸುತ್ತಿದ ನೋಟ್‌ಬುಕ್ಕು. ಸ್ಟಾಫ್ ರೂಮಿನಲ್ಲಿದ್ದ ನಾಲ್ವರೂ ಮೊದಲು ನಕ್ಕರು, ಆಮೇಲೆ ಕುರ್ಚಿ ಎಳೆದುಕೊಂಡು ಕೂತರು, ಆಮೇಲೆ ಸುಮ್ಮನೆ ಕೇಳತೊಡಗಿದರು. ನಾನು ಮೂಲೆಯಲ್ಲಿದ್ದೆ. ನನ್ನ ಪಾಠವನ್ನು ಅವರು ಯಾವತ್ತೂ ಹಾಗೆ ಕೇಳಿರಲಿಲ್ಲ. ಎಲ್ಲ ತೋರಿಸಿ ಮುಗಿಸಿದ ಮೇಲೆ ದಾದಾಪೀರ್ ನನ್ನ ಕಡೆ ತಿರುಗಿದರು.

“ಇನ್ನು ಒಂದೇ ಉಳಿದೈತೆ. ಚೂರು ಅರವತ್ತೆರಡರ ಮಗ್ಗಿಗೆ ಒಂದು ಜಾಸ್ತಿನೇ ಇರಬೇಕು, ಯಾಕ? ಹಂಗ ಇರತೈತೆ ಅಂತ ಗೊತ್ತು, ಯಾಕ ಅಂತ ಗೊತ್ತಿಲ್ಲ. ಅದು ಗೊತ್ತಾಗದಿದ್ರೆ ಈ ಎಲ್ಲಾ ಲೆಕ್ಕ ಗಾಳಿ ಮ್ಯಾಲೆ ನಿಂತಂಗೆ. ನೀವು ಹೇಳ್ರಿ ಮೇಡಂ.”

ಸರಿಯಾದ ಪ್ರಶ್ನೆ. ಗಣಿತ ಬಲ್ಲವರು ಕೇಳುವ ಪ್ರಶ್ನೆಯೇ ಅದು. ನಾಲ್ಕೂ ಮುಖಗಳು ನನ್ನ ಕಡೆ ತಿರುಗಿದವು. ನನಗೆ ಉತ್ತರ ನೆನಪಾಗಲಿಲ್ಲ. ಒಂದು ಕಾಲಕ್ಕೆ ಗೊತ್ತಿದ್ದದ್ದೇ, ಮನೆಯ ಕಪಾಟಿನ ಪುಸ್ತಕದಲ್ಲಿ ಇದ್ದದ್ದೇ. ‘ನೆನಪಾಗ್ತಿಲ್ಲ, ನಾಳೆ ಹೇಳ್ತೀನಿ’ ಎಂದಿದ್ದರೆ ಆಕಾಶ ಕಳಚಿ ಬೀಳುತ್ತಿರಲಿಲ್ಲ. ಹಿರಿಯ ಸಹೋದ್ಯೋಗಿಯೊಬ್ಬರು ಸಣ್ಣಗೆ ನಕ್ಕು, ಹೇಳಿ ಮೇಡಂ, ನಾವೂ ಕೇಳಿಸಿಕೊಳ್ಳುತ್ತೇವೆ ಎಂದರು. ಕೈಲಾಗದವನು ಮೈ ಪರಚಿಕೊಂಡ ಎನ್ನುತ್ತಾರೆ. ನಾನು ಪರಚಿದ್ದು ಇನ್ನೊಬ್ಬರ ಮೈಯನ್ನು.

ನೋಟ್‌ಬುಕ್ಕನ್ನು ನನ್ನ ಕಡೆ ಎಳೆದುಕೊಂಡೆ. ಕೆಂಪು ಪೆನ್ನು ತೆಗೆದೆ. ನಾಲ್ಕಾರು ಪುಟ ತಿರುವಿ, ಒಂದು ಕಡೆ ನಿಂತು, ಹುಬ್ಬು ಗಂಟಿಕ್ಕಿ — ಎಲ್ಲ ನಾಟಕ — ಪುಸ್ತಕ ಮುಚ್ಚಿ ಅವರ ಕೈಗೆ ಕೊಟ್ಟೆ.

“ಅದು ಆಮ್ಯಾಲೆ. ಮೊದ್ಲು ಇದರಾಗೆ ಒಂದು ಕಡೆ ತಪ್ಪೈತೆ. ಎಲ್ಲಿ ಅಂತ ಹೇಳಲ್ಲ. ನೀವೇ ಹುಡುಕ್ರಿ.”

ಯಾರಿಗೂ ಅನುಮಾನ ಬರಲಿಲ್ಲ. ಅದು ನನ್ನ ಪದ್ಧತಿಯೆಂದು ಊರಿಗೇ ಗೊತ್ತಿತ್ತಲ್ಲ! ಸಹೋದ್ಯೋಗಿಗಳು ಕುರ್ಚಿ ಹಿಂದಕ್ಕೆ ಸರಿಸಿ ಎದ್ದರು, ಮತ್ತೆ ಹಗುರಾಗಿ ನಕ್ಕರು. ದಾದಾಪೀರ್ ಅವರ ಮುಖ ಕಪ್ಪಿಡಲಿಲ್ಲ. ಆಯ್ತು ಮೇಡಂ, ಹುಡುಕ್ತೀನಿ ಎಂದು ಪುಸ್ತಕವನ್ನು ಮತ್ತೆ ಅದೇ ಪೇಪರಿನಲ್ಲಿ ಸುತ್ತಿಕೊಂಡರು. ನನ್ನ ತಪ್ಪಿನಿಂದ ನಿಮ್ಮ ಕಾರ್ಯಕ್ರಮ ಕೆಟ್ಟಿತು, ಮಾಫ್ ಮಾಡ್ರಿ ಎಂದು ಬೇರೆ ಹೇಳಿದರು. ಅವರು ಕ್ಷಮೆ ಕೇಳಿದರು — ನನ್ನನ್ನು.

ಅವತ್ತು ಸಂಜೆಯೇ ಕಪಾಟಿನಿಂದ ಪುಸ್ತಕ ತೆಗೆದೆ. ಅವರ ‘ಯಾಕ’ ಹತ್ತು ನಿಮಿಷದಲ್ಲಿ ಸಿಕ್ಕಿತು. ಅರ್ಧ ಪುಟದ ಉತ್ತರ. ಒಂದು ಇನ್‌ಲ್ಯಾಂಡ್ ಲೆಟರಿನಲ್ಲಿ ಜಾಗ ಮಿಗುವಷ್ಟು. ಬರೆಯಲಿಲ್ಲ. ಬರೆದರೆ ತಪ್ಪಿಲ್ಲವೆಂದೂ ಬರೆಯಬೇಕಿತ್ತು.

ಇಲ್ಲಿಗೇ ನಿಂತಿದ್ದರೆ ಅದೊಂದು ಗಳಿಗೆಯ ದುರ್ಬುದ್ಧಿ ಎಂದು ನಾನೇ ನನಗೆ ರಿಯಾಯಿತಿ ಕೊಟ್ಟುಕೊಳ್ಳುತ್ತಿದ್ದೆನೇನೋ. ನಿಲ್ಲಲಿಲ್ಲ. ಡಿಪ್ಲೊಮಾ ಪರೀಕ್ಷೆ ಮುಗಿದು ನನ್ನ ಭಾನುವಾರದ ಪಾಠಗಳೂ ಮುಗಿದಿದ್ದವು. ಐದು ತಿಂಗಳ ಮೇಲೆ ಒಂದು ಬೆಳಿಗ್ಗೆ ನಾನು ಸ್ಕೂಟಿ ಹೊರಗೆ ತೆಗೆಯುತ್ತಿದ್ದಾಗ ದಾದಾಪೀರ್ ಗೇಟಿನ ಹತ್ತಿರ ನಿಂತಿದ್ದರು. ಕೈಯಲ್ಲಿ ಎರಡು ನೋಟ್‌ಬುಕ್ಕು — ಹಳೆಯದು ಮತ್ತು ಹೊಸದು. ಏಳುನೂರ ನಲವತ್ತೇಳನ್ನೂ ಇನ್ನೊಂದು ಸಲ, ಹಳೆಯದನ್ನು ನೋಡದೆ, ಮೊದಲಿನಿಂದ ಮಾಡಿದ್ದರು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿದ್ದರು. ಎಲ್ಲಾ ಶೇಷವೂ ಒಂದೇ ಬರುತ್ತಿದೆ, ತಪ್ಪು ಸಿಗುತ್ತಿಲ್ಲ ಎಂದರು.

ಅಲ್ಲಿ ಯಾರೂ ಇರಲಿಲ್ಲ. ನಗುವ ಸಹೋದ್ಯೋಗಿಗಳಿರಲಿಲ್ಲ, ಮಾನ ಹೋಗುವ ಭಯವಿರಲಿಲ್ಲ. ಗೇಟಿನ ಆಚೆ ಅವರು, ಈಚೆ ನಾನು. ಒಂದು ಮಾತು ಸಾಕಿತ್ತು. ಬಾಯಿಗೆ ಬಂದದ್ದು ಬೇರೆ.

“ಎರಡೂ ಸಲ ಒಂದೇ ಥರ ತಪ್ಪಿರಬಹುದು. ಏಳರ ಮಗ್ಗಿಯಾಗೆ ನಿಮ್ಮ ಕೈ ಜಾರತೈತೆ, ನಾನು ಗಮನಿಸೀನಿ. ಇನ್ನೊಂದ್ಸಲ ನೋಡ್ರಿ.”

ಏಳರ ಮಗ್ಗಿ ಯಾಕೆ ಬಂತೋ ನನಗೆ ಗೊತ್ತಿಲ್ಲ. ಸುಳ್ಳಿಗೆ ಗುರುತು ಕೊಟ್ಟರೆ ಅದು ನಿಜದ ಹಾಗೆ ಕಾಣುತ್ತದೆ, ಅದಕ್ಕೇ ಇರಬೇಕು. ಅವರು ತಲೆಯಾಡಿಸಿದರು. ಹಳೆಯ ನೋಟ್‌ಬುಕ್ಕನ್ನು ಗೇಟಿನ ಮೇಲಿಂದ ನನ್ನ ಕೈಗೆ ಕೊಟ್ಟು, ಇದು ನಿಮ್ಮ ಹತ್ತಿರವೇ ಇರಲಿ, ಬಿಡುವಾದಾಗ ಒಂದು ಗುರುತು ಹಾಕಿ ಕೊಡಿ ಎಂದು ಕೇಳಿಕೊಂಡು ಹೋದರು. ಸ್ಕೂಟಿ ಸ್ಟಾರ್ಟ್ ಮಾಡಿ ನಾನು ಕಾಲೇಜಿಗೆ ಹೋದೆ. ಮೊದಲ ಪೀರಿಯಡ್ಡು ಇತ್ತು. ಪಾಠ ಚೆನ್ನಾಗಿಯೇ ಮಾಡಿದೆ.

ಆ ನೋಟ್‌ಬುಕ್ಕು ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ, ಇಪ್ಪತ್ತೈದು ವರ್ಷ ಇತ್ತು. ದಾದಾಪೀರ್ ಮತ್ತೆ ಬರಲಿಲ್ಲ. ಮರೆತಿರಬೇಕು, ಬೇರೆ ಕೆಲಸವಿಲ್ಲವೇ ಅವರಿಗೆ ಎಂದುಕೊಂಡೆ. ಅನುಕೂಲವಾದದ್ದನ್ನು ನಂಬುವುದಕ್ಕೆ ಯಾವ ಸಾಧನೆಯೂ ಬೇಕಿಲ್ಲ.

ಹೋದ ವರ್ಷ ಮೊಣಕಾಲು ನೋವಿಗೆಂದು ನಮ್ಮ ಬಡಾವಣೆಯ ಫಿಜಿಯೋಥೆರಪಿ ಕ್ಲಿನಿಕ್ಕಿಗೆ ಹೋಗತೊಡಗಿದೆ. ಶಾಹೀನಾ ಎಂಬ ಹೆಣ್ಣುಮಗಳು ಕಾಲು ಮಡಿಸಿ, ನೀಡಿಸಿ ವ್ಯಾಯಾಮ ಮಾಡಿಸುತ್ತಾಳೆ. ಹರಿಹರದಿಂದ ದಿನಾ ಬಸ್ಸಿಗೆ ಬಂದು ಹೋಗುವವಳು. ಎರಡನೇ ದಿನ ನನ್ನ ಫೈಲು ನೋಡುತ್ತಾ, ನೀವು ಗಣಿತದ ನಾಗರತ್ನ ಮೇಡಮ್ಮಾ, ನಮ್ಮ ಅಬ್ಬಾ ನಿಮ್ಮ ಹೆಸರು ಹೇಳದ ದಿನವಿಲ್ಲ ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಅಬ್ಬಾ ಯಾರೆಂದು ಕೇಳುವ ಮೊದಲೇ ನಾನು ಮುಖವನ್ನು ಗೋಡೆಯ ಕಡೆ ತಿರುಗಿಸಿದ್ದೆ.

ಅವಳು ದೂರು ಹೇಳಲಿಲ್ಲ. ಮನೆಯ ತಮಾಷೆಯೆಂಬಂತೆ, ನನ್ನ ಕಾಲು ಹಿಡಿದುಕೊಂಡೇ ಹೇಳುತ್ತಾ ಹೋದಳು. ಅಬ್ಬಾ ಮೂರನೇ ಸಲವೂ ಎಲ್ಲಾ ಲೆಕ್ಕ ಮಾಡಿದರಂತೆ. ಏಳರ ಮಗ್ಗಿಯನ್ನು ದೊಡ್ಡದಾಗಿ ಬರೆದು ಮಷಿನ್ನಿನ ಪಕ್ಕದ ಕಬ್ಬಿಣದ ಪೆಟ್ಟಿಗೆಗೆ ಅಂಟಿಸಿಕೊಂಡಿದ್ದರಂತೆ. ತಾನು ಆಗ ಮಗ್ಗಿ ಕಲಿಯುತ್ತಿದ್ದಾಗ ಅಬ್ಬಾನೂ ಪಕ್ಕದಲ್ಲಿ ಕೂತು ಏಳೊಂದ್ಲಿ ಏಳು ಎಂದು ಒಪ್ಪಿಸುತ್ತಿದ್ದರು ಎಂದು ನಕ್ಕಳು. ಕ್ರಮೇಣ ಗೇರಿನ ಲೆಕ್ಕವನ್ನೆಲ್ಲ ಇನ್ನೊಬ್ಬರಿಗೆ ತೋರಿಸಿಯೇ ಮಷಿನ್ನು ಹಚ್ಚತೊಡಗಿದರು. ಒಂದು ದಿನ ತಾವೇ ಸಾಹೇಬರ ಹತ್ತಿರ ಹೋಗಿ, ನನ್ನ ಲೆಕ್ಕದ ಮೇಲೆ ನನಗೇ ನಂಬಿಕೆ ಉಳಿದಿಲ್ಲ, ಬಿಲ್ಲೆ ಕೆಡಿಸುವುದಕ್ಕಿಂತ ಮೊದಲು ನನ್ನನ್ನು ಬಿಡಿಸಿ ಎಂದು ಕೇಳಿ, ಸಾಮಾನು ಕೊಡುವ ಸ್ಟೋರಿಗೆ ಹೋಗಿ ಕೂತರು. ಅಷ್ಟು ದಿನಗಳಲ್ಲಿ ಒಂದು ಬಿಲ್ಲೆಯೂ ಕೆಟ್ಟಿರಲಿಲ್ಲ. ಉಳಿದ ಹತ್ತು ಹನ್ನೆರಡು ವರ್ಷ ಕೆಲಸವನ್ನು ಅಲ್ಲೇ ಮುಗಿಸಿದರು. ಈಗ ದಿನದ ಮಾತ್ರೆಗಳನ್ನು ಎಣಿಸುವುದಕ್ಕೂ ಮಗಳನ್ನು ಕರೆಯುತ್ತಾರೆ.

ಆ ನಂಬರನ್ನು ಅವಳು ಮೊಬೈಲಿಗೆ ಹಾಕಿ ನೋಡಿದ್ದಳು. ಅವಿಭಾಜ್ಯ ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಅಬ್ಬಾಗೆ ತೋರಿಸಿ, ನೀವು ಹೇಳಿದ್ದೇ ಸರಿ ಎಂದಳು. ಅವರ ಉತ್ತರವನ್ನು ಅವಳು ಅವರ ದನಿಯಲ್ಲೇ ಹೇಳಿ ತೋರಿಸಿದಳು.

“ನಂಬರ್ ಸರಿ ಇರಬಹುದು ಬೇಟಾ. ನನ್ನ ಲೆಕ್ಕದಾಗ ತಪ್ಪೈತೆ ಅಂತ ಮೇಡಂ ಹೇಳ್ಯಾರೆ. ಎರಡೂ ಬ್ಯಾರೆ ಬ್ಯಾರೆ.”

ನಿಜ, ಎರಡೂ ಬೇರೆ. ಉತ್ತರ ಸರಿಯಿದ್ದು ದಾರಿ ತಪ್ಪಿರಬಹುದು. ನನ್ನ ಸುಳ್ಳು ಎಷ್ಟು ಜಾಣತನದ್ದಾಗಿತ್ತೆಂದರೆ ಜಗತ್ತಿನ ಯಾವ ಯಂತ್ರವೂ ಅದನ್ನು ಹಿಡಿಯಲಾರದು. ಸಂಖ್ಯೆಯ ಬಗ್ಗೆ ಸುಳ್ಳಾಡಿದ್ದರೆ ಅದೇ ಎಂದೋ ನನ್ನನ್ನು ಬಯಲಿಗೆಳೆಯುತ್ತಿತ್ತು. ಅದು ಮೊಂಡ, ಯಾರ ಮಾತಿಗೂ ಬದಲಾಗುವುದಿಲ್ಲ. ನಾನು ಸುಳ್ಳಾಡಿದ್ದು ಒಬ್ಬ ಮನುಷ್ಯನ ಕೈಯ ಬಗ್ಗೆ. ಮನುಷ್ಯ ಬದಲಾಗಿಬಿಟ್ಟ.

ಅವತ್ತು ಮನೆಗೆ ಬಂದು ಸೀರೆಗಳ ಕೆಳಗಿನಿಂದ ನೋಟ್‌ಬುಕ್ಕು ತೆಗೆದೆ. ಮರುದಿನದಿಂದ ಬೆಳಗಿನ ತಿಂಡಿಯಾದ ಮೇಲೆ ಊಟದ ಮೇಜಿನ ಮೇಲೆ ಕೂತು, ದಿನಕ್ಕೆ ಹತ್ತರಂತೆ, ಅವರ ಹಾಗೇ ಕೈಯಲ್ಲಿ, ಭಾಗಿಸತೊಡಗಿದೆ. ಮೊದಲು ನಾನು ಮಾಡುವುದು, ಆಮೇಲೆ ಅವರ ಚೌಕ ನೋಡುವುದು.

ಎರಡೂವರೆ ತಿಂಗಳಾಯಿತು. ಏಳುನೂರ ನಲವತ್ತೇಳರಲ್ಲಿ ಹತ್ತೊಂಬತ್ತು ಕಡೆ ನನ್ನ ಶೇಷವೂ ಅವರ ಶೇಷವೂ ಬೇರೆಯಾದವು. ಮೊದಲ ಸಲ ಬೇರೆಯಾದಾಗ — ಇದನ್ನು ಮುಚ್ಚಿಡಬಾರದು — ನನ್ನೊಳಗೆ ಏನೋ ಹಗುರಾಯಿತು. ಅಯ್ಯೋ, ತಪ್ಪು ಇತ್ತೇ ಹಾಗಾದರೆ ಎಂದು ಆಸೆಯಿಂದ ಮತ್ತೆ ಭಾಗಿಸಿದೆ. ತಪ್ಪಿದ್ದು ನನ್ನ ಲೆಕ್ಕ. ಹತ್ತೊಂಬತ್ತೂ ಸಲ ತಪ್ಪಿದ್ದು ನನ್ನ ಲೆಕ್ಕ. ಅವುಗಳಲ್ಲಿ ನಾಲ್ಕು ಏಳರ ಮಗ್ಗಿಯಲ್ಲಿ. ದಾದಾಪೀರ್ ಅವರ ನೋಟ್‌ಬುಕ್ಕಿನಲ್ಲಿ, ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಒಂದೂ ಇಲ್ಲ.

ಕಳೆದ ಭಾನುವಾರ ಹರಿಹರಕ್ಕೆ ಹೋದೆ. ಹೊಳೆಯ ಕಡೆ ಹೋಗುವ ಓಣಿಯಲ್ಲಿ ಮನೆ. ಶಾಹೀನಾ ಬಾಗಿಲು ತೆಗೆದಳು. ದಾದಾಪೀರ್ ಎದ್ದು ನಿಂತರು, ಬರ್ರಿ ಮೇಡಂ, ಕೂಡ್ರಿ ಎಂದು ಇದ್ದ ಒಂದು ಕುರ್ಚಿಯನ್ನು ಹೆಗಲ ಮೇಲಿನ ಟವಲಿನಿಂದ ಒರೆಸಿ ಕೊಟ್ಟು, ತಾವು ಮಂಚದ ಅಂಚಿಗೆ ಕೂತರು. ಎಪ್ಪತ್ತಾಗಿದೆ. ಬೆರಳುಗಳು ಮಾತ್ರ ಹಾಗೇ ಇವೆ, ಉದ್ದ, ನೆಟ್ಟಗೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದ ಮಾತನ್ನು ಬದಿಗಿಟ್ಟೆ. ನೋಟ್‌ಬುಕ್ಕನ್ನು ಮುಂದಿಟ್ಟು, ಎಲ್ಲಾ ಏಳುನೂರ ನಲವತ್ತೇಳನ್ನೂ ನಾನೇ ಮಾಡಿ ನೋಡಿದೆ, ಒಂದು ತಪ್ಪೂ ಸಿಗಲಿಲ್ಲ ಎಂದೆ. ಅಷ್ಟು ಸಾಕು, ಉಳಿದದ್ದು ಅವರಿಗೇ ತಿಳಿಯುತ್ತದೆ ಎಂದು ಆಸೆಪಟ್ಟೆ.

ಅವರು ಪುಸ್ತಕವನ್ನು ತೆರೆಯದೆ ನನ್ನ ಕಡೆಗೇ ಸರಿಸಿದರು. ಆಮೇಲೆ ಬಹಳ ಮೆತ್ತಗೆ, ಜ್ವರ ಬಂದವರಿಗೆ ಹೇಳುವ ಹಾಗೆ ಹೇಳಿದರು.

“ನಿಮಗೂ ಸಿಗಲಿಲ್ಲಾ? ಬೇಜಾರ್ ಮಾಡ್ಕೋಬ್ಯಾಡ್ರಿ ಮೇಡಂ. ವಯಸ್ಸಾತು ಇಬ್ರಿಗೂ. ಮುಂದಿನ ವಾರ ಬರ್ರಿ, ಇಬ್ರೂ ಕೂಡಿ ಇನ್ನೊಂದ್ಸಲ ಹುಡುಕೋಣ.”

ನಾನು ಚಹಾ ಕುಡಿದೆ. ಹೂಂ ಎಂದೆ. ನೋಟ್‌ಬುಕ್ಕು ತೆಗೆದುಕೊಂಡು ಎದ್ದು ಬಸ್ ಸ್ಟ್ಯಾಂಡಿಗೆ ಬಂದೆ.

ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಎದುರು ಕೂತರೆ ನನ್ನ ನಾಲಿಗೆ ಏನು ಮಾಡುತ್ತದೆಂದು ಮೂರು ಸಲ ನೋಡಿಯಾಗಿದೆ — ಸ್ಟಾಫ್ ರೂಮಿನಲ್ಲಿ, ಗೇಟಿನಲ್ಲಿ, ಅವರದೇ ಮನೆಯಲ್ಲಿ. ಈ ಭಾನುವಾರ ಈ ಹಾಳೆಗಳನ್ನು ತೆಗೆದುಕೊಂಡು ಹೋಗಿ ಮೊದಲ ಸಾಲಿನಿಂದ ಕೊನೆಯವರೆಗೆ ನಾನೇ ಓದುತ್ತೇನೆ, ಶಾಹೀನಾಳೂ ಪಕ್ಕದಲ್ಲಿರುವಾಗ. ನಡುವೆ ನಿಲ್ಲಿಸಿದರೆ ಕಿತ್ತುಕೊಂಡು ಮುಂದೆ ಓದು ಎಂದು ಅವಳಿಗೆ ಮೊದಲೇ ಹೇಳಿರುತ್ತೇನೆ. ಓದಿದ ಮೇಲೆ ಅವರು ಹೊರಗೆ ಹೋಗಿ ಎಂದರೆ ಹೋಗುತ್ತೇನೆ.

ದಾದಾಪೀರ್ ಅವರೇ, ನಿಮ್ಮ ‘ಯಾಕ’ ನನ್ನ ಬಳಿ ಸಾಲವಾಗಿ ಉಳಿದಿದೆ, ಮೊದಲು ಅದು. ಆ ಸಂಖ್ಯೆಯನ್ನು ಒಡೆಯುವ ಒಂದು ಅವಿಭಾಜ್ಯ ಚೂರು ಇದೆ ಎಂದುಕೊಳ್ಳಿ. ಒಂದರಿಂದ ಶುರುಮಾಡಿ ಎರಡರಷ್ಟು, ಎರಡರಷ್ಟು ಮಾಡುತ್ತಾ ಹೋಗಿ, ಪ್ರತಿ ಸಲ ಚೂರಿನಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಮೂವತ್ತೊಂದು ಹೆಜ್ಜೆಗೆ ಅದು ತಿರುಗಿ ಒಂದಕ್ಕೇ ಬರುತ್ತದೆ. ಮೂವತ್ತೊಂದು ಮೊಂಡವಾದ್ದರಿಂದ ನಡುವೆ ಎಲ್ಲೂ ಬರಲಾರದು. ಅದೊಂದು ಮೂವತ್ತೊಂದು ಹಲ್ಲಿನ ಗೇರು. ಇನ್ನು ಆ ಚೂರಿಗೆ ಸಾಧ್ಯವಿರುವ ಶೇಷಗಳನ್ನು, ಸೊನ್ನೆ ಬಿಟ್ಟು, ಎಣಿಸಿದರೆ ಚೂರಿಗಿಂತ ಒಂದು ಕಡಿಮೆ. ಯಾವ ಶೇಷದಿಂದ ಶುರುಮಾಡಿದರೂ ಮೂವತ್ತೊಂದೇ ಹೆಜ್ಜೆಗೆ ಅಲ್ಲಿಗೇ ತಿರುಗಿ ಬರುವುದರಿಂದ ಅವೆಲ್ಲವೂ ಅಂಥದೇ ಗೇರುಗಳಾಗಿ, ಒಂದೂ ಹೊರಗೆ ಉಳಿಯದಂತೆ ಕೂರುತ್ತವೆ. ಹಾಗಾಗಿ ಚೂರಿನಿಂದ ಒಂದು ಕಳೆದರೆ ಮೂವತ್ತೊಂದರ ಮಗ್ಗಿಯಲ್ಲಿ ಬರಲೇಬೇಕು. ಚೂರು ಬೆಸ ಸಂಖ್ಯೆ, ಒಂದು ಕಳೆದರೆ ಸಮ, ಆದ್ದರಿಂದ ಅರವತ್ತೆರಡರ ಮಗ್ಗಿಯಲ್ಲೇ ಬರಬೇಕು. ಇಷ್ಟೇ. ನೀವು ತಟ್ಟೆಯ ತೂತು ಎಣಿಸುತ್ತಾ ದಿನವೂ ಮಾಡುತ್ತಿದ್ದದ್ದೇ ಇದು. ಅವತ್ತು ಹೇಳಿದ್ದರೆ ನಾನು ವಾಕ್ಯ ಮುಗಿಸುವ ಮೊದಲೇ ನಿಮಗೆ ತಿಳಿದುಹೋಗುತ್ತಿತ್ತು. ನಿಮ್ಮ ಲೆಕ್ಕ ಗಾಳಿಯ ಮೇಲೆ ನಿಂತಿರಲಿಲ್ಲ.

ನೋಟ್‌ಬುಕ್ಕಿನ ಪ್ರತಿ ಚೌಕದ ಪಕ್ಕದಲ್ಲಿ ಕೆಂಪು ಪೆನ್ನಿನಿಂದ ಸರಿ ಎಂದು ಗುರುತು ಹಾಕಿದ್ದೇನೆ. ಗುರುತು ಹಾಕಿ ಕೊಡಿ ಎಂದು ನೀವು ಕೇಳಿದ್ದಿರಿ. ಇಪ್ಪತ್ತೈದು ವರ್ಷ ತಡವಾಯಿತು. ನೀವು ಬಿಟ್ಟುಬಂದ ಮಷಿನ್ನನ್ನು ನಾನು ತಂದುಕೊಡಲಾರೆ, ಹತ್ತು ಹನ್ನೆರಡು ವರ್ಷ ಸ್ಟೋರಿನಲ್ಲಿ ಕೂತ ಹಗಲುಗಳನ್ನೂ ತಂದುಕೊಡಲಾರೆ. ಕ್ಷಮಿಸಿ ಎಂದು ಕೇಳುವುದೂ ನಿಮ್ಮ ಮೇಲೆ ಇನ್ನೊಂದು ಕೆಲಸ ಹೊರಿಸಿದಂತೆ, ಅದನ್ನೂ ಕೇಳುವುದಿಲ್ಲ. ನಾನು ನಿಮಗೆ ಸುಳ್ಳು ಹೇಳಿದೆ. ನಿಮ್ಮ ಕೈ ಜಾರಿರಲಿಲ್ಲ, ಏಳರ ಮಗ್ಗಿ ನಿಮಗೆ ಚೆನ್ನಾಗಿ ಬರುತ್ತದೆ, ನಿಮ್ಮ ಮಾತ್ರೆಗಳನ್ನು ನೀವೇ ಎಣಿಸಿಕೊಳ್ಳಬಹುದು. ಆ ಪುಸ್ತಕದಲ್ಲಿ ತಪ್ಪಿಲ್ಲ. ಇನ್ನು ಹುಡುಕಬ್ಯಾಡ್ರಿ.